ಹುಸೇನಪೀರ ಕಟ್ಟಿದ ಗಾಲಿ

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಬೇರಿಂಗು, ಬೆಲ್ಟು, ಗ್ರೀಸು ಮಾರುತ್ತೇನೆ. ಹೆಸರು ಹಣಮೇಶ. ನನಗೆ ಸಿಟ್ಟು ಜಾಸ್ತಿ ಎಂದು ಮನೆಯವರೂ ಹೇಳುತ್ತಾರೆ, ಗಿರಾಕಿಗಳೂ ಹೇಳುತ್ತಾರೆ. ಇರಲಿ. ಇದನ್ನು ಬರೆಯುತ್ತಿರುವುದೂ ಸಿಟ್ಟಿನಿಂದಲೇ. ಹುಸೇನಪೀರನ ಬಗ್ಗೆ ಈ ಕಡೆಯ ಮಂದಿ ಆಡಬಾರದ್ದನ್ನೆಲ್ಲ ಆಡಿ ಮುಗಿಸಿದ್ದಾರೆ. ಅಮೀನಗಡದ ಚಹಾದಂಗಡಿಯಲ್ಲಿ ಆಡಿದ್ದಾರೆ, ಹುನಗುಂದದ ಸಂತೆಯಲ್ಲಿ ಆಡಿದ್ದಾರೆ. ಖರೆ ಏನಾಯಿತಪ್ಪಾ ಎಂದು ಒಬ್ಬನಾದರೂ ಅವನನ್ನೇ ಕೇಳಿದನೇ? ಇಲ್ಲ. ಹಾಗಾಗಿ ನಾನು ಹೇಳುತ್ತೇನೆ.

ಹುಸೇನಪೀರ ಇಳಕಲ್ಲಿನಲ್ಲೇ ಹುಟ್ಟಿದವನು, ನನ್ನ ಓರಗೆಯವನು. ಅವರಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಮಗನ ಕೈಗೆ ಬಣ್ಣ ಹತ್ತಲಿಲ್ಲ, ಗ್ರೀಸು ಹತ್ತಿತು. ಗ್ರಾನೈಟ್ ಕಲ್ಲು ಹೊರುವ ಲಾರಿಗಳ ಗ್ಯಾರೇಜಿಗೆ ಸೇರಿ ಹಬ್ಬಿನ ಕೆಲಸ ಕಲಿತ. ಹಬ್ಬು ಅಂದರೆ ಗಾಲಿಯ ನಡುವಿನ ಕಬ್ಬಿಣದ ಗಡ್ಡೆ. ಅದರೊಳಗೆ ಎರಡು ಬೇರಿಂಗು, ಬೇರಿಂಗಿನ ತುಂಬ ಗ್ರೀಸು, ಮೇಲೊಂದು ಬಟ್ಟಲಿನಂಥ ಮುಚ್ಚಳ. ಗಾಡಿ ಹೊತ್ತ ಭಾರವೆಲ್ಲ ಕಡೆಗೆ ಬಂದು ಬೀಳುವುದು ಆ ಬೇರಿಂಗಿನ ಮೇಲೆ. ಅಲ್ಲಿ ಒಂದು ಹರಳು ಉಸುಕು ಸೇರಿದರೂ ಗಾಲಿ ತನ್ನನ್ನು ತಾನೇ ತಿನ್ನುತ್ತದೆ.

ಅವನು ಕೆಲಸಕ್ಕೆ ಕೂತರೆ ನೋಡಬೇಕಿತ್ತು. ಅಂಗೈ ಮೇಲೆ ಗ್ರೀಸಿನ ಉಂಡೆ ಇಟ್ಟುಕೊಂಡು, ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಗ್ರೀಸು ಇಣುಕುವ ತನಕ ಬಿಡುತ್ತಿರಲಿಲ್ಲ. ಆಮೇಲೆ ನಟ್ ಪೂರ್ತಿ ಬಿಗಿದು, ಮತ್ತೆ ಒಂದು ಎಳೆಯಷ್ಟು ಸಡಿಲಿಸಿ, ಗಾಲಿಯನ್ನು ಕೈಯಿಂದ ತಿರುವಿ ಕಿವಿ ಹಚ್ಚಿ ಕೂರುತ್ತಿದ್ದ. ಆ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಬೈಗುಳದ ಮಳೆ.

"ಲೇ, ಬಾಯಿ ಮುಚ್ಚಲೇ. ಗಾಲಿ ಏನೋ ಹೇಳಾಕತ್ತೈತಿ."

ಇಷ್ಟಕ್ಕೇ ಮುಗಿಸುತ್ತಿರಲಿಲ್ಲ. ಕಟ್ಟಿಕೊಟ್ಟ ಗಾಡಿಯ ಜೊತೆ ತಾನೂ ಒಂದಷ್ಟು ದೂರ ಹೋಗಿ, ಇಳಿದು, ಹಬ್ಬಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದ. ಬೆಚ್ಚಗಿದ್ದರೆ ಸರಿ. ಸುಡುತ್ತಿದ್ದರೆ ಅಲ್ಲೇ ರಸ್ತೆ ಬದಿಗೆ ಜಾಕು ಏರಿಸಿ ಮತ್ತೆ ಬಿಚ್ಚುತ್ತಿದ್ದ. ಅಮೀನಗಡದಲ್ಲಿ ಕರದಂಟಿನ ಅಂಗಡಿಗಳನ್ನು ದಾಟಿದ ಮೇಲೆ ಹೆದ್ದಾರಿ ಪಕ್ಕ ತಗಡಿನ ಶೆಡ್ ಹಾಕಿಕೊಂಡ. ಹಳೆ ಟ್ರ್ಯಾಕ್ಟರ್ ಟ್ರಾಲಿ ಮಾರುವವರು ಗಿರಾಕಿಗೆ ಮೊದಲು ಹೇಳುತ್ತಿದ್ದ ಮಾತು, "ಹುಸೇನಪೀರ ಕಟ್ಟಿದ ಗಾಲಿ ಅದಾವ್ರಿ" ಎಂದು. ಆಮೇಲೆ ಚೌಕಾಸಿ ಇರುತ್ತಿರಲಿಲ್ಲ. ಹೊಲವಿಲ್ಲ, ಸ್ವಂತ ಮನೆಯಿಲ್ಲ. ಆ ಹೆಸರೊಂದೇ ಅವನ ಆಸ್ತಿ, ಅದು ಅವನಿಗೂ ಗೊತ್ತಿತ್ತು.

ಈಗ ಮುದಕಪ್ಪನ ವಿಷಯಕ್ಕೆ ಬರುತ್ತೇನೆ. ಹುನಗುಂದದಾಚೆ ಹಿನ್ನೀರಿನ ದಂಡೆಯ ಹೊಸೂರಿನವನು. ಹಳೆ ಊರು, ಹೊಲ ಎಲ್ಲ ಅಣೆಕಟ್ಟಿನ ನೀರಿನಡಿ ಹೋದವು. ಕುರಿ ಸಾಕಿಕೊಂಡು ಬದುಕಿದ. ಆಮೇಲೆ ಮಗ ನಿಂಗರಾಜ ಫೈಬರಿನ ಬೋಟೊಂದನ್ನು ತಂದ. ನಡುಗಡ್ಡೆಗಳಿಗೆ ಕುರಿ ದಾಟಿಸುವುದು, ಮೀನಿನ ಗುತ್ತಿಗೆದಾರರಿಗೆ ಬಾಡಿಗೆಗೆ ಹೋಗುವುದು, ಹೀಗೆ ಅದರಿಂದಲೇ ಮನೆ ನಡೆಯತೊಡಗಿತು. ಆದರೆ ನಮ್ಮ ಹಿನ್ನೀರಿಗೆ ದಂಡೆ ಎಲ್ಲಿದೆ? ಶ್ರಾವಣದಲ್ಲಿ ಮನೆ ಬಾಗಿಲಿಗೆ ಬಂದ ನೀರು ಬೇಸಿಗೆಗೆ ಕಣ್ಣಿಗೆ ಕಾಣದಷ್ಟು ದೂರ ಸರಿದಿರುತ್ತದೆ. ನೀರಿನ ಹಿಂದೆ ಬೋಟು ಹೋಗಬೇಕಲ್ಲ! ಅದಕ್ಕೊಂದು ಟ್ರಾಲಿ ಬೇಕಾಯಿತು. ಬಾದಾಮಿಯಲ್ಲಿ ಪ್ರವಾಸಿಗರನ್ನು ಹೊತ್ತು ಹೊತ್ತು ಸವೆದ ಜೀಪೊಂದರ ಅಚ್ಚು ತಂದು ಹುಸೇನಪೀರನೇ ಆ ಟ್ರಾಲಿಗೆ ಗಾಲಿ ಕಟ್ಟಿಕೊಟ್ಟ.

ಬೋಟಿನ ಟ್ರಾಲಿ ಎಂದರೆ ಬೇರೆ ಟ್ರಾಲಿಗಳಂತಲ್ಲ, ಅದು ನೀರಿಗೇ ಇಳಿಯುತ್ತದೆ. ಓಡಿ ಕಾದ ಹಬ್ಬು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಜಗ್ಗಿಕೊಳ್ಳುತ್ತದೆ. ನೀರು ಹೊಕ್ಕರೆ ಗ್ರೀಸು ಮಜ್ಜಿಗೆಯಾಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ಹುಸೇನಪೀರ ನಿಂಗರಾಜನಿಗೆ ಹೇಳಿ ಹೇಳಿ ದಣಿಯುತ್ತಿದ್ದ: "ನೀರಿನ ಹತ್ರ ಹೋದಕೂಡ್ಲೇ ಇಳಸಬ್ಯಾಡೋ ಹುಚ್ಚಪ್ಪಾ. ಕುಂತು ಒಂದ್ ಚಹಾ ಕುಡಿ. ಗಾಲಿ ಆರಲಿ." ಆಗಾಗ ತಾನೇ ಬಸ್ಸಿನಲ್ಲಿ ಹೋಗಿ ಹಬ್ಬು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಬರುತ್ತಿದ್ದ. ಹೋಗಿ ಬಂದು ಎರಡೂ ಮನೆ ಒಂದಾದವು. ಮುದಕಪ್ಪನ ಹೆಂಡತಿ ಬೋರವ್ವ ಅವನನ್ನು ತಮ್ಮಾ ಎನ್ನುತ್ತಿದ್ದಳು. ಕುರಿ ಈದರೆ ಗಿಣ್ಣ ಅಮೀನಗಡಕ್ಕೆ ಬರುತ್ತಿತ್ತು. ರಂಜಾನಿಗೆ ಹುಸೇನಪೀರನ ಹೆಂಡತಿ ಅಲೀಮಾ ಮಾಡಿದ ಸುರಕುಂಬಾ ಪಾಯಸ ಡಬ್ಬಿಯಲ್ಲಿ ಹೊಸೂರಿಗೆ ಹೋಗುತ್ತಿತ್ತು. ನಿಂಗರಾಜ ಇವನಿಗೆ ಮಾಮಾ ಎನ್ನುತ್ತಿದ್ದ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಕೇಳಿದಾಗ ನಿಮಗೂ ಹೊಟ್ಟೆ ಉರಿಯಬೇಕು.

ಹೋದ ಬೇಸಿಗೆಯಲ್ಲಿ ಎರಡೂ ಗಾಲಿಗೆ ಹೊಸ ಬೇರಿಂಗು ಹಾಕಬೇಕಾಯಿತು. ನನ್ನ ಅಂಗಡಿಯಿಂದಲೇ ಒಯ್ದಿದ್ದ. ಹೊಸೂರಿನಲ್ಲಿ ಮುದಕಪ್ಪನ ಮನೆಯಲ್ಲಿ ಮನೆದೇವರು ಬೀರಪ್ಪನ ಕಾರ್ಯವಿತ್ತು, ನೆಂಟರು ತುಂಬಿದ್ದರು. ಅಂಗಳದ ಮೂಲೆಯಲ್ಲಿ ಟ್ರಾಲಿ ಜಾಕಿನ ಮೇಲೆ ನಿಂತಿತ್ತು. ಹುಸೇನಪೀರ ಬಲಗಾಲಿ ಮುಗಿಸಿ, ಎಡಗಾಲಿಗೆ ಬೇರಿಂಗು ಕೂರಿಸಿ, ಗ್ರೀಸು ತುಂಬಿ, ಇನ್ನೇನು ಮುಚ್ಚಳ ಬಡಿಯಬೇಕು, ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಕೈ ತೊಳೆದು ಬೇವಿನ ಗಿಡದ ಕೆಳಗೆ ಹೋದ.

ನಾನೂ ಬೀರಪ್ಪನ ಒಕ್ಕಲೇ, ಹಾಗಾಗಿ ಭಂಡಾರದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಭಂಡಾರವೆಂದರೆ ದೇವರ ಅರಿಷಿಣ. ಪಲ್ಲಕ್ಕಿಯ ಮೇಲೆ ತೂರಿದ್ದು ನೆಲಕ್ಕೆ ಬಿದ್ದರೆ ಅದನ್ನು ತುಳಿಯಬಾರದು. ನಮ್ಮ ಹೆಣ್ಣುಮಕ್ಕಳು ಕೈಯಿಂದ ಬಳಿದು ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಾರೆ. ಅದರ ಜೊತೆ ಮಣ್ಣೂ ಬರುತ್ತದೆ, ಉಸುಕೂ ಬರುತ್ತದೆ. ಅದನ್ನು ಯಾರೂ ಮಣ್ಣು ಅನ್ನುವುದಿಲ್ಲ. ಹೊಸ ಕಂಬಳಿಗೆ, ಹುಟ್ಟಿದ ಮರಿಗೆ, ತೊಟ್ಟಿಲ ಕೂಸಿಗೆ, ಎಲ್ಲಕ್ಕೂ ಅದೇ ಭಂಡಾರ. ಬೋರವ್ವ ಮನೆಗೆ ಹೊಸ ಬೇರಿಂಗು ಬಂದಿದೆ ಎಂದು ಕೇಳಿದಳು. ಸೆರಗು ಬಿಚ್ಚಿ, "ಬೀರಪ್ಪಾ, ನನ್ನ ಮಗನ್ನ ಕಾಯೋ ನಮ್ಮಪ್ಪಾ" ಎಂದು ಬೊಗಸೆ ತುಂಬ ಭಂಡಾರವನ್ನು ಆ ತೆರೆದ ಹಬ್ಬಿನೊಳಗೇ ತೂರಿದಳು. ಕೆಟ್ಟ ಮನಸ್ಸಿನಿಂದ ಮಾಡಿದಳೇ? ಅಲ್ಲ. ಆಕೆಯ ಜಾಗದಲ್ಲಿ ನಮ್ಮವ್ವ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು.

ನಮಾಜು ಮುಗಿಸಿ ಬಂದ ಹುಸೇನಪೀರ ನೋಡಿದರೆ ಗ್ರೀಸೆಲ್ಲ ಹಳದಿ.

"ಅಕ್ಕಾ, ಇದೇನ ಮಾಡಿದಿ?"

"ಯಾಕೋ ತಮ್ಮಾ? ಹೊಸಾದಕ್ಕ ದೇವರ ಭಂಡಾರ ಹಾಕಬಾರದನು?"

"ಗಾಲಿ ಮ್ಯಾಲ ಹಚ್ಚಬೇಕಿತ್ತಕ್ಕಾ, ಒಳಗ ಹಾಕಿಬಿಟ್ಟಿ. ಇದರಾಗ ಉಸುಕ ಐತಿ. ಪೂರಾ ತೊಳೀಬೇಕು."

ಡೀಸೆಲ್ ಡಬ್ಬಿ, ಅರಿವೆ ತೆಗೆದುಕೊಂಡ. ಹೊರಸಿನ ಮೇಲೆ ಕೂತಿದ್ದ ನೆಂಟರಲ್ಲಿ ಬೋರವ್ವನ ಅಣ್ಣನ ಮಗ ಅಮಸಿದ್ದಪ್ಪನಿದ್ದ. ಅವನು ದಡಕ್ಕನೆ ಎದ್ದು ನಿಂತ.

"ಏ ಮಿಸ್ತ್ರೀ, ಕೈ ತಗಿ. ನಮ್ಮ ದೇವರ ಭಂಡಾರಕ್ಕ ಡೀಸೆಲ್ ಹಾಕ್ತಿ ಏನು? ಎಷ್ಟ ಧೈರ್ಯ ನಿನಗ?" ಎಂದು ಫೋನು ತೆಗೆದು ಇವನ ಮುಖಕ್ಕೆ ಹಿಡಿದ.

 ಮುದಕಪ್ಪ ನಡುವೆ ಬಂದ. "ಅಮಸಿದ್ಯಾ, ಸುಮ್ನ ಕುಂದರಲೇ" ಎಂದು ಅವನನ್ನು ಗದರಿಸಿ, ಹುಸೇನಪೀರನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಇವತ್ತೊಂದಿನ ಇರ್ಲಿ ಬಿಡೋ ಪೀರಾ. ಮಂದಿ ಕುಂತಾರ. ಮುಚ್ಚಿಬಿಡು. ನಾಳೆ ಯಾರೂ ಇರಂಗಿಲ್ಲ, ಬಂದು ಬಿಚ್ಚಿ ತೊಳಿ."

"ಮುಚ್ಚತೇನಿ. ಆದ್ರ ನಾ ಬರೂತನಕ ಟ್ರಾಲಿ ಈ ಅಂಗಳ ಬಿಟ್ಟು ಹೋಗಬಾರದು. ಆಣಿ ಮಾಡು."

"ಆಣಿ ಯಾಕಲೇ? ನನ್ನ ಮಾತ ಸಾಲದನು ನಿನಗ?"

"ಸಾಕು" ಎಂದನಂತೆ ನನ್ನ ಪುಣ್ಯಾತ್ಮ ಗೆಳೆಯ, ಮುಚ್ಚಳ ಬಡಿದನಂತೆ.

ಅದೇ ಸಂಜೆ ನನ್ನ ಅಂಗಡಿಗೆ ಬಂದ. ಮುಖ ಬಾಡಿತ್ತು. "ಹಣಮೇಶಿ, ಇನ್ನೊಂದ ಜೋಡಿ ಬೇರಿಂಗ ತಗದಿಡು, ಅವು ಕೆಟ್ಟಾವು" ಎಂದು ನಡೆದದ್ದನ್ನೆಲ್ಲ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲೇ ಒರಸಿ ಒಗೀಬೇಕಿತ್ತು! ಯಾವನೇನ ಕಿತ್ಕೊಂತಿದ್ದ?" ಎಂದೆ.

"ನೀ ಒರಸಬಹುದೋ. ನೀ ಒರಸಿದ್ರ ಗಾಲಿ ಸ್ವಚ್ಛ ಮಾಡಿದಂಗ. ನಾ ಒರಸಿದ್ರ ಅದು ಬ್ಯಾರೇನ ಆಕ್ಕೈತಿ."

 ಅವನೇ ಮುಂದುವರಿಸಿದ: ಆ ಭಂಡಾರವನ್ನು ಅರಿವೆಯ ಮೇಲೆ ತೆಗೆದು ಹೊಳೆಗೆ ಬಿಡುತ್ತಾನಂತೆ, ಕಂಡಕಂಡಲ್ಲಿ ಚೆಲ್ಲುವುದಿಲ್ಲವಂತೆ, ಬೋರವ್ವಕ್ಕ ಪ್ರೀತಿಯಿಂದ ಹಾಕಿದ್ದಂತೆ. ಇಷ್ಟು ವಿಚಾರ ಮಾಡುವ ಮನುಷ್ಯ ಅವನು.

ಮರುದಿನ ಬೆಳಿಗ್ಗೆ ಬಾಗಲಕೋಟೆ ಕಡೆಯ ಮೀನಿನ ಗುತ್ತಿಗೆದಾರನೊಬ್ಬ ಮುದಕಪ್ಪನಿಗೆ ಫೋನು ಮಾಡಿದ. ಬೋಟು ಈಗಲೇ ಬೇಕು, ಇಲ್ಲದಿದ್ದರೆ ಬೇರೆಯವರನ್ನು ಕರೆಯುತ್ತೇನೆ ಎಂದ. ಪಿಕಪ್ ಗಾಡಿಯನ್ನೂ ಅವನೇ ಕಳಿಸಿದ್ದ. ನಿಂಗರಾಜ, "ಮಾಮಾ ಬರತೇನಂದಿದ್ದಲ್ಲಪ್ಪಾ" ಎಂದನಂತೆ. ಮುದಕಪ್ಪ, "ಒಂದ ಸಲಕ್ಕ ಏನೂ ಆಗೂದಿಲ್ಲ, ಹೋಗಿ ಬಾ" ಎಂದನಂತೆ. ಇದನ್ನು ಆಮೇಲೆ ನಿಂಗರಾಜನೇ ನನ್ನೆದುರು ಹೇಳಿದ. ಇನ್ನೊಮ್ಮೆ ಹೇಳು ಎಂದರೆ ಅವನೂ ಹೇಳಲಿಕ್ಕಿಲ್ಲ, ಆ ಮಾತು ಬೇರೆ.

ಹಳ್ಳಿಯ ದಾರಿಯಲ್ಲಿ ಎತ್ತಿನ ಗಾಡಿಯಂತೆ ನಿಧಾನ ಹೋಗುವ ಟ್ರಾಲಿ ಹೆದ್ದಾರಿಗೆ ಬಿದ್ದು ಪಿಕಪ್ಪಿನ ಹಿಂದೆ ಗಾಳಿಯಂತೆ ಹೊರಟಿತು. ಹುಸೇನಪೀರ ಸಾಮಾನಿನ ಚೀಲ ಹಿಡಿದುಕೊಂಡು ಅಮೀನಗಡದಲ್ಲಿ ಹುನಗುಂದದ ಬಸ್ಸಿಗೆ ಕಾಯುತ್ತ ನಿಂತಿದ್ದ. ಎದುರಿನಿಂದ ಬಂತು ನೋಡಿ ಆ ಬೋಟು! ಎಡಗಾಲಿಯಿಂದ ಸಣ್ಣಗೆ ಹೊಗೆ, ಸುಟ್ಟ ಗ್ರೀಸಿನ ನಾತ. ಬೋಟಿನೊಳಗೆ ನಿಂಗರಾಜ ಕೂತಿದ್ದ. ಹುಸೇನಪೀರ ಚೀಲ ಬಿಸಾಕಿ ರಸ್ತೆಗಿಳಿದು ಓಡಿದ. "ನಿಲ್ಲಸೋ! ನಿಂಗರಾಜಾ, ನಿಲ್ಲಸೋ! ಗಾಲಿ!" ಕರದಂಟಿನ ಅಂಗಡಿಗಳವರೆಲ್ಲ ಹೊರಗೆ ಬಂದು ನೋಡಿದರು. ಎಂಜಿನ್ನಿನ ಸದ್ದಿನಲ್ಲಿ ನಿಂಗರಾಜನಿಗೆ ಏನೂ ಕೇಳಿಸಲಿಲ್ಲ. ಮಾಮಾ ಕೈ ಬೀಸುತ್ತಿದ್ದಾನೆ ಎಂದುಕೊಂಡು ತಾನೂ ನಗುತ್ತ ಕೈ ಬೀಸಿದ.

ಊರು ದಾಟಿದ ತಿರುವಿನಲ್ಲಿ ಎಡಗಾಲಿ ಹಬ್ಬಿನ ಸಮೇತ ಕಿತ್ತುಕೊಂಡು ಹೊಲಕ್ಕೆ ಹೋಯಿತು. ಬೋಟು ಮಗುಚಿತು. ನಿಂಗರಾಜನ ಕಾಲು ಅದರಡಿ ಸಿಕ್ಕಿತು. ಮೊದಲು ಅಲ್ಲಿಗೆ ಮುಟ್ಟಿದವನು, ಬೋಟಿಗೆ ಹೆಗಲು ಕೊಟ್ಟು ಎತ್ತಿಸಿದವನು, ಹುಡುಗನ ತಲೆ ತೊಡೆ ಮೇಲೆ ಇಟ್ಟುಕೊಂಡು ಬಾಗಲಕೋಟೆಯ ದವಾಖಾನಿ ತನಕ ಹೋದವನು ಯಾರು? ಹುಸೇನಪೀರ. ಇದನ್ನು ಮಾತ್ರ ಯಾವ ಚಹಾದಂಗಡಿಯಲ್ಲೂ ಯಾರೂ ಹೇಳುವುದಿಲ್ಲ.

ಫೋನು ಬಂದ ಕೂಡಲೇ ಅಂಗಡಿ ಮುಚ್ಚಿ ನಾನೂ ಹೋದೆ. ದವಾಖಾನಿಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ, ಅಂಗಿ ತುಂಬ ರಕ್ತ. ಮುದಕಪ್ಪ, ಬೋರವ್ವ, ನೆಂಟರು ಎಲ್ಲ ಬಂದರು. ಬಂದವನೇ ಅಮಸಿದ್ದಪ್ಪ ಇವನ ಕೊರಳಪಟ್ಟಿಗೆ ಕೈ ಹಾಕಿದ.

"ಭಂಡಾರ ಒರಸಾಕ ಬಿಡಲಿಲ್ಲಂತ ನಟ್ ಸಡಲ ಬಿಟ್ಟೆಲ್ಲೋ! ನಮ್ಮ ಹುಡುಗನ ಮ್ಯಾಲ ಸೇಡ ತೀರಿಸ್ಕೊಂಡೆಲ್ಲೋ!"

ನಾನು ಅವನ ಕೈ ಕಿತ್ತೆ. "ಗಾಲಿ ನಿಲ್ಲಸ್ರೋ ಅಂತ ಇಡೀ ಅಮೀನಗಡಕ್ಕ ಕೇಳೂ ಹಂಗ ಒದರಿಕೋತ ಓಡ್ಯಾನಲೇ ಅಂವ! ಸೇಡ ತೀರಿಸೂವಾಂವ ಓಡತಾನೇನು?"

"ಅದನ್ನ ನಾನೂ ಹೇಳಾಕತ್ತೇನಿ. ಗಾಲಿ ಹೋಗತೈತಿ ಅಂತ ಇವಂಗ ಹ್ಯಾಂಗ ಗೊತ್ತಿತ್ತು? ಗೊತ್ತಿತ್ತು, ಅದಕ್ಕ ಓಡಿದ. ಮಾಡಿದಾಂವಗ ಗೊತ್ತಿರದ ಯಾರಿಗೆ ಗೊತ್ತಿರತೈತಿ?"

ಸುತ್ತಲಿದ್ದವರು ಹೌದೌದೆಂದು ತಲೆಯಾಡಿಸಿದರು. ಅಯ್ಯೋ ದೇವರೇ, ಹುಡುಗನನ್ನು ಉಳಿಸಲು ಓಡಿದ ಓಟವೇ ಇವನ ಕೊರಳಿಗೆ ಉರುಲಾಯಿತು. ಹುಸೇನಪೀರ ಅಮಸಿದ್ದಪ್ಪನನ್ನು ಬಿಟ್ಟು ಮುದಕಪ್ಪನ ಕಡೆ ತಿರುಗಿದ. 

"ಮುದಕಪ್ಪಣ್ಣಾ, ನಿನ್ನಿ ನಾ ಏನ ಹೇಳಿ ಬಂದಿದ್ನಿ? ಅದೊಂದ ಮಾತ ಹೇಳಿಬಿಡು. ನಿನ್ನ ಬಾಯಿಲೆ ಬರಲಿ."

ಮುದಕಪ್ಪ ತನ್ನ ಕಾಲು ನೋಡಿಕೊಂಡ. 

"ಗಾಲಿ ಕಟ್ಟಿದಾಂವ ನೀ" ಎಂದ. "ನನಗೇನ ತಿಳೀತೈತಿ?"

ನಾನು ತಡೆಯಲಾರದೆ, ನಿನ್ನೆ ಸಂಜೆಯೇ ಇವನು ನನ್ನ ಅಂಗಡಿಗೆ ಬಂದು ಎಲ್ಲ ಹೇಳಿದ್ದ ಎಂದು ಕೂಗಾಡಿದೆ. "ನೀ ಆ ಅಂಗಳದಾಗ ಇದ್ದೇನು?" ಎಂದು ಕೇಳಿದರು. ಇರಲಿಲ್ಲ ಎಂದೆ. "ಮತ್ತ ಸುಮ್ನಿರು" ಎಂದರು. ಬೋರವ್ವ ಏನೋ ಹೇಳಲು ಬಂದಳು. ಮುದಕಪ್ಪ ಆಕೆಯ ಕಡೆಗೊಮ್ಮೆ ತಿರುಗಿ "ಏ" ಎಂದ, ಅಷ್ಟೇ. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ನಾನು ಆ ದಿನದಿಂದ ಇದನ್ನೇ ವಿಚಾರ ಮಾಡುತ್ತ ಬಂದಿದ್ದೇನೆ. ಟ್ರಾಲಿ ಹೊರಡಿಸಬೇಡ ಎಂದು ಹೇಳಿದ್ದ ಅಂದರೆ ಮಗನ ಕಾಲು ಮುದಕಪ್ಪನ ತಲೆಗೆ ಬರುತ್ತದೆ. ಹಬ್ಬಿನೊಳಗೆ ಉಸುಕಿತ್ತು ಅಂದರೆ ಹೆಂಡತಿಯ ತಲೆಗೆ ಬರುತ್ತದೆ, ಮಂದಿ ಅದನ್ನು ದೇವರ ತನಕ ಒಯ್ಯುತ್ತಾರೆ. ಎದುರಿಗೆ ಮೂರನೆಯವನೊಬ್ಬ ನಿಂತಿದ್ದ. ಮನೆಯವನಲ್ಲ, ಕುಲದವನಲ್ಲ, ಹೊರಿಸಿದರೆ ಕೇಳುವವರಿಲ್ಲ. ಹೊರಿಸಿದ. ಬೀರಪ್ಪ ಇಷ್ಟನ್ನು ಕೇಳಿದ್ದನೇ? ಭಂಡಾರ ನನ್ನ ಹಣೆಯ ಮೇಲೂ ಇದೆ, ನನಗೆ ಗೊತ್ತಿದೆ, ಕೇಳಿರಲಿಲ್ಲ.

ಪೊಲೀಸರ ತನಕ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು, ಹಬ್ಬು ಬಿಚ್ಚಿಯಾದರೂ ನೋಡುತ್ತಿದ್ದರು. ಮಾತು ಮಾತ್ರ ಊರೂರಿಗೆ ಹೋಯಿತು. ಕೆಲವರು ನಟ್ ಬೇಕಂತಲೇ ಸಡಿಲ ಬಿಟ್ಟ ಎಂದರು. ಕೆಲವರು ಭಂಡಾರಕ್ಕೆ ಕೈ ಹಚ್ಚಿದ, ದೇವರು ಸುಮ್ಮನಿರುತ್ತಾನೆಯೇ ಎಂದರು. ದೇವರು ಸಿಟ್ಟಾಗಿದ್ದರೆ ನಿಂಗರಾಜನ ಕಾಲು ಯಾಕೆ ಮುರಿಯುತ್ತಿದ್ದ ಎಂದು ನಾನು ಕೇಳಿದರೆ ಮಾತು ತಿರುಗಿಸುತ್ತಿದ್ದರು. ಶೆಡ್ಡಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಟ್ರಾಲಿಗಳು ಒಂದೊಂದಾಗಿ ಕಡಿಮೆಯಾದವು. ಇವನೇ ಕಟ್ಟಿದ ಗಾಲಿಯನ್ನು ಒಬ್ಬ ರಸ್ತೆಯ ಆಚೆ ಬದಿಯಲ್ಲಿ, ಇವನ ಕಣ್ಣೆದುರೇ, ಇನ್ನೊಬ್ಬ ಮಿಸ್ತ್ರಿಯಿಂದ ಬಿಚ್ಚಿಸಿ ನೋಡಿಸಿದ. ಎಲ್ಲ ಸರಿಯಾಗಿತ್ತು. ಆದರೂ ಮತ್ತೆ ಬರಲಿಲ್ಲ.

ಅಲೀಮಾ ಒಬ್ಬಳೇ ಹೊಸೂರಿಗೆ ಹೋಗಿ ಬಂದಳು. ಬೋರವ್ವ ಒಳಗೆ ಕರೆದು, ಕೈ ಹಿಡಿದು, ಹಾಡಿಕೊಂಡು ಅತ್ತಳಂತೆ. "ನಂದ ತಪ್ಪವ್ವಾ, ನಂದ ತಪ್ಪು. ನನ್ನ ಕೈ ಸೇದಿಹೋಗಲಿ" ಎಂದಳಂತೆ. ಅಲೀಮಾ, "ಹಂಗಾರ ಹೊರಗ ಬಾ ಅಕ್ಕಾ, ಇದನ್ನ ಮಂದಿ ಮುಂದ ಹೇಳು" ಎಂದಾಗ ಕೈ ಬಿಟ್ಟಳಂತೆ. ಅಲೀಮಾ ಬಸ್ಸಿಳಿದು ನನ್ನ ಅಂಗಡಿಗೇ ಬಂದು ಹೇಳಿದಳು: "ಒಳಗ ಅಳಾಕ ಎಲ್ಲಾರೂ ಅದಾರ್ರಿ ಅಣ್ಣಾ."

ಕಡೆಗೆ ಹುಸೇನಪೀರ ಶೆಡ್ಡಿಗೆ ಬೀಗ ಹಾಕಿದ. ನಾನೇ ಹೋಗಿ, ಬೈದು, ಜಗ್ಗಿಕೊಂಡು ಬಂದು ನನ್ನ ಅಂಗಡಿಯಲ್ಲಿ ಕೂರಿಸಿದೆ. ದಿನಾ ಬೆಳಿಗ್ಗೆ ಬಂದು ಸಾಮಾನು ಜೋಡಿಸುತ್ತಾನೆ. ಗಿರಾಕಿ ಕೇಳಿದ್ದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಯಾರಾದರೂ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಮಿಸ್ತ್ರೀ, ಈ ಗಾಲಿ ಒಂಚೂರು ನೋಡ್ರಿ" ಎಂದರೆ, "ನನಗ ಬರೂದಿಲ್ಲರಿ" ಎನ್ನುತ್ತಾನೆ.  ಅದನ್ನು ಕೇಳಿ ಎಷ್ಟೋ ಸಲ ಅವನ ಮೇಲೆಯೇ ರೇಗಿದ್ದೇನೆ. ಅವನು ರೇಗುವುದನ್ನೂ ಬಿಟ್ಟುಬಿಟ್ಟಿದ್ದಾನೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮುದಕಪ್ಪ ಗೋಣಿಚೀಲ ಹೊತ್ತುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಹುಸೇನಪೀರ ಇಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. ನೋಡಿ ಗಕ್ಕನೆ ನಿಂತ. ನಾನು ದಬ್ಬಿ ಹೊರಹಾಕಬೇಕೆಂದು ಎದ್ದೆ, ಹುಸೇನಪೀರ ಕೈ ಅಡ್ಡ ಹಿಡಿದ. ಮುದಕಪ್ಪ ಚೀಲ ಇಳಿಸಿ ಬಾಯಿ ಬಿಚ್ಚಿದ. ಒಳಗೆ ಎರಡು ಹಬ್ಬು, ಸುಟ್ಟು ಕರಿಯಾಗಿದ್ದವು.

"ಯಾರ್ಯಾರ ಕಡೆನೋ ಕಟ್ಟಿಸಿದ್ನೋ ಪೀರಾ. ಒಂದೂ ತಡೀವಲ್ವು. ನಿಂಗ್ಯಾ ಕುಂಟಿಕೋತ ಅದ ಬೋಟಿನಾಗ ಹೊಕ್ಕಾನ, ನನ್ನ ಎದಿ ಹೊಡಕೊಂತಿರತೈತಿ. ನೀನ ಕಟ್ಟಿಕೊಡು. ಇಲ್ಲೇ ಹಿಂದ ಕುಂತು ಕಟ್ಟಿಬಿಡು, ಯಾರಿಗೂ ಗೊತ್ತಾಗೂದಿಲ್ಲ."

ಹುಸೇನಪೀರ ಹಬ್ಬನ್ನು ಕೈಗೆತ್ತಿಕೊಂಡು, ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದ. ಎಷ್ಟೋ ತಿಂಗಳ ಮೇಲೆ ಆ ಕೈ ಹಬ್ಬನ್ನು ಹಿಡಿದದ್ದನ್ನು ನಾನು ನೋಡಿದೆ.

"ಕಟ್ಟತೇನಿ" ಎಂದ. "ಇವತ್ತ ಕಟ್ಟತೇನಿ, ನಿನ್ನ ಜೋಡಿ ಬಂದು ಗಾಲಿ ಮುಟ್ಟಿ ನೋಡತೇನಿ. ಆದ್ರ ಊರಾಗ ಹೇಳು, ಹುಸೇನಪೀರನ ಕಡೆ ಕಟ್ಟಿಸಿಕೊಂಡ ಬಂದೇನಿ ಅಂತ. ಆವತ್ತಿಂದು ಏನೂ ಹೇಳಬ್ಯಾಡ. ಭಂಡಾರದ ಮಾತ ತಗೀಬ್ಯಾಡ, ಅಕ್ಕನ ಹೆಸರ ತಗೀಬ್ಯಾಡ. ಅಂವನ ಕಟ್ಟ್ಯಾನ ಅಂತ ಇಷ್ಟ ಹೇಳು."

ನನಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಇಷ್ಟೇ ಕೇಳುವುದೇನೋ, ಮೂರ್ಖಾ! ಕಾಲಿಗೆ ಬೀಳಿಸಿಕೊಳ್ಳಬೇಕಿತ್ತು. ಆ ಮುದಕಪ್ಪನಿಗೆ ಇಷ್ಟೂ ಜಾಸ್ತಿಯಾಯಿತು.

"ಮಂದಿ ಬಾಯಿ ನಿನಗ ಗೊತ್ತೈತೆಲ್ಲೋ. ಮಗನ ಕಾಲ ಮುರದಾಂವನ ಕಡೆನ ಮತ್ತ ಹೋದ್ಯಾ ಅಂದ್ರ ನಾ ಏನ ಹೇಳ್ಲಿ?"

"ಏನ ಹೇಳತಿ? ಅಂವ ಮುರದಿಲ್ಲ ಅಂತ ಹೇಳು."

 ಮುದಕಪ್ಪ ಹುಸೇನಪೀರನ ಕೈಯಿಂದ ಹಬ್ಬು ತೆಗೆದುಕೊಂಡು ಚೀಲಕ್ಕೆ ಹಾಕಿ, ಬಾಯಿ ಕಟ್ಟಿದ. ಬರೀ ಬೇರಿಂಗು ಕೊಡಿ ಎಂದು ನನಗೆ ಹೇಳಿದ. ಅವನು ಬೇಗ ತೊಲಗಿದರೆ ಸಾಕೆಂದು ಕೊಟ್ಟು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಹುಸೇನಪೀರ ಎದ್ದು ಕಪಾಟಿನಿಂದ ಎರಡು ರಬ್ಬರ್ ಸೀಲು ತೆಗೆದುಕೊಂಡ. ಹಬ್ಬಿನ ಹಿಂಬದಿಗೆ ಕೂರಿಸುವ ಬಳೆಗಳು ಅವು, ನೀರು ತಡೆಯುವುದೇ ಅವು. "ಸೀಲ್ ಒಯ್ಯಲಿಲ್ಲ ಅಂವ. ಹಳೇವು ಸುಟ್ಟಾವು" ಎಂದ.

"ಸುಡಲಿ ಬಿಡು! ಅವನ ಗಾಲಿ ಅಷ್ಟ ಅಲ್ಲ, ಅವನ ಮನಿನೂ ಸುಡಲಿ. ನಿನಗ್ಯಾಕ ಬೇಕು?" ಎಂದು ಚೀರಿದೆ.

"ಬೋಟಿನಾಗ ನಿಂಗರಾಜ ಕುಂದರತಾನ" ಎಂದು ಮೆಟ್ಟಿಲಿಳಿದ.

ನಾನೂ ಗೊಣಗುತ್ತ ಬೆನ್ನು ಹತ್ತಿದೆ. ಹುನಗುಂದದ ಬಸ್ಸು ನಿಂತಿತ್ತು. ಮುದಕಪ್ಪ ಕಿಟಕಿಯ ಪಕ್ಕ ಕೂತಿದ್ದ. ಸುತ್ತಲೂ ಸಂತೆಗೆ ಬಂದ ಅವನೂರಿನ ಮಂದಿ. ಹುಸೇನಪೀರ ಕಿಟಕಿಯೊಳಗೆ ಕೈ ಚಾಚಿ ಸೀಲು ಕೊಟ್ಟ. "ಇವಿಲ್ಲದ ಕಟ್ಟಿಸಬ್ಯಾಡ. ನೀರ ಹೊಕ್ಕತಾವು" ಎಂದ. ಮುದಕಪ್ಪ ತೆಗೆದುಕೊಂಡು ಕಿಸೆಗೆ ಹಾಕಿದ, ತಲೆ ಎತ್ತಲಿಲ್ಲ. ಹುಸೇನಪೀರ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಪಕ್ಕ ನಿಂತ.

ಮುದಕಪ್ಪನ ಪಕ್ಕದಲ್ಲಿ ಕೂತವನು ಹೊರಗೆ ಇಣುಕಿ ನೋಡಿದ. "ಯಾರ ಅಂವ? ಎಲ್ಲೋ ನೋಡಿದಂಗ ಐತೆಲ್ಲೋ" ಎಂದ.

"ಯಾರಿಗ್ಗೊತ್ತು?" ಎಂದ ಮುದಕಪ್ಪ. "ಯಾರೋ ಅಂಗಡಿಯಾಂವ."

ಕಿಟಕಿ ತೆರೆದೇ ಇತ್ತು. ನಮ್ಮಿಬ್ಬರಿಗೂ ಕೇಳಿಸಿತು.